ನಮ್ಮತ್ತೆ ಕಟ್ಟುವ ಕೆಂಪು ಎಳೆ

ನಮ್ಮತ್ತೆ ಇವತ್ತಿನವರೆಗೆ ಯಾರ ಸಂಗೀತವನ್ನೂ ಕೆಟ್ಟದ್ದು ಅಂದವಳಲ್ಲ. ಆದರೂ ಆಕೆಯ ಅಭಿಪ್ರಾಯ ಓದಿದ ಮೇಲೆ ರಾಯಚೂರಿನ ಕಡೆಯವರೊಬ್ಬರು ತಮ್ಮ ಕೀಬೋರ್ಡನ್ನು ಅಟ್ಟಕ್ಕೆ ಹಾಕಿದರು. ಹಾಸನದ ಹಲ್ಲಿನ ಡಾಕ್ಟರೊಬ್ಬರು ಮೂರು ದಿನ ಯಾರ ಬಾಯನ್ನೂ ನೋಡಲಿಲ್ಲವಂತೆ. ಇನ್ನು ನಾನು, ಐವತ್ತೆರಡು ವರ್ಷದ ಗಂಡಸು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರು, ಸುಡುಬಿಸಿಲಲ್ಲಿ ಚಳ್ಳಕೆರೆಯಿಂದ ಮೊಳಕಾಲ್ಮುರಿಗೆ ಬಸ್ಸು ಹತ್ತಿ ಜಗಳಕ್ಕೆ ಹೋದೆ. ಕೆಟ್ಟದ್ದು ಅನ್ನದೆಯೇ ಇಷ್ಟು! ಅಂದಿದ್ದರೆ ಇನ್ನೇನಾಗುತ್ತಿತ್ತೋ!

ನಮ್ಮತ್ತೆ ಅಂದರೆ ನಮ್ಮಪ್ಪನ ತಂಗಿ. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಒಂದೇ ಕೋಣೆಯಲ್ಲಿ ಎರಡು ಗುಂಡಿ ಮಗ್ಗ, ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ತುಳಿಯುವಂಥವು; ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅತ್ತೆ. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು. ನಾನು ಗುಂಡಿಗೆ ಇಳಿಯಲೇ ಇಲ್ಲ, ಓದಿ ಮೇಷ್ಟ್ರಾದೆ. ಅತ್ತೆ ಮಾತ್ರ ಮೊಣಕಾಲು ಮಾತು ಕೇಳುವವರೆಗೆ ನೇಯ್ದಳು. ಮನೆಯಲ್ಲಿ ನಮ್ಮದು ತೆಲುಗು, ಹೊರಗೆ ಕನ್ನಡ. ಅತ್ತೆಯ ಲೆಕ್ಕಾಚಾರ ಇನ್ನೂ ಸುಲಭ: ಸಿಟ್ಟು ಬಂದರೆ ತೆಲುಗು, ಪ್ರೀತಿ ಬಂದರೂ ತೆಲುಗು, ನಡುವಿನ ವ್ಯವಹಾರವೆಲ್ಲ ಕನ್ನಡ. ಯಾವುದು ಬಂದು ತೆಲುಗಾಯಿತು ಅನ್ನುವುದನ್ನು ಮುಖ ನೋಡಿ ತಿಳಿಯಬೇಕು, ಅಷ್ಟೆ.

ಮಗ್ಗ ಬಿಟ್ಟ ಮೇಲೆ ಕೈಗೆ ಫೋನು ಬಂತು. ಭಜನೆ ಹುಡುಕಲು ಹೋದವಳು ಎಲ್ಲಿಗೋ ಒತ್ತಿ, ಸ್ವಂತ ಸಂಗೀತ ಕಟ್ಟಿ ಹಾಕುವ ಹವ್ಯಾಸಿಗಳ ಒಂದು ಆನ್‌ಲೈನ್ ಗುಂಪಿಗೆ ಸೇರಿಕೊಂಡಳು. ಅಲ್ಲಿ ಬ್ಯಾಂಕಿನವರು, ಡಾಕ್ಟರು, ನಿವೃತ್ತರು, ಗೃಹಿಣಿಯರು ಎಲ್ಲ ಇದ್ದರು. ಒಬ್ಬರು ರಾಗ ಹಾಕಿದರೆ ಉಳಿದವರು "ಸೂಪರ್ ಸರ್", "ಸೂಪರ್ ಮೇಡಂ" ಅಂತ ಬರೆದು ಹೆಬ್ಬೆರಳು ತೋರಿಸುವುದು. ನಾಳೆ ಇವರು ಹಾಕಿದರೆ ಅವರ ಹೆಬ್ಬೆರಳು. ಅತ್ತೆಗೆ ಮೈ ಉರಿದುಹೋಯಿತು.

"ಅಲ್ಲ ಕಣೋ, ಸೂಪರ್ ಅಂದ್ರೇನು? ಸೀರೆ ತಂದು ಕೊಟ್ಟೋರಿಗೆ ಸೂಪರ್ ಅಂತ ಹೇಳಿ ಮಡಚಿಟ್ರೆ, ಆ ನೇಕಾರ ನಾಳೆ ಮಗ್ಗದ ಮುಂದೆ ಕೂತು ಏನು ಮಾಡ್ಬೇಕು?"

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಲೇಬೇಕು. ಬೇರೆ ನೇಕಾರರು ನೇಯ್ದು ತೋರಿಸಲು ತಂದ ಸೀರೆಯ ಮುಂಭಾಗವನ್ನಷ್ಟೇ ನೋಡಿ ನಮ್ಮವರು ಬಿಡುವುದಿಲ್ಲ. ಮಗುಚಿ ಹಿಂಭಾಗ ನೋಡುತ್ತಾರೆ. ನಿಜ ಇರುವುದು ಅಲ್ಲಿ. ಎಳೆ ಸಡಿಲವಾಗಿರುವ ಕಡೆ, ಜರಿ ತಪ್ಪಿದ ಕಡೆ, ಅದರ ನೇರಕ್ಕೆ ಅಂಚಿನಲ್ಲಿ ಒಂದು ಸಣ್ಣ ಕೆಂಪು ಎಳೆ ಕಟ್ಟುತ್ತಾರೆ. ನೇಕಾರ ಅದನ್ನು ತಿದ್ದಿ ತಂದರೆ ಎಳೆ ಬಿಚ್ಚುತ್ತಾರೆ. ತಿದ್ದಲಿಕ್ಕೇ ಆಗದಷ್ಟು ಕೆಟ್ಟಿದ್ದರೆ? ಆಗ ಎಳೆ ಕಟ್ಟುವುದಿಲ್ಲ. ನಾಲ್ಕು ಜನರ ಮುಂದೆ ನೇಕಾರನ ಮರ್ಯಾದೆ ಯಾಕೆ ತೆಗೆಯಬೇಕು ಅಂತ "ಚೆನ್ನಾಗೈತೆ" ಅಂದು ಸುಮ್ಮನೆ ಮಡಚಿಡುತ್ತಾರೆ. ಮೊದಲ ಸಲಕ್ಕೇ ಎಳೆ ಬೇಡದಂಥ ಸೀರೆಯನ್ನು ಈ ಜನ್ಮದಲ್ಲಿ ಕಂಡಿಲ್ಲ ಅಂತ ಅತ್ತೆ ಹೇಳುತ್ತಾಳೆ. ಹಾಗಾಗಿ ನಮ್ಮ ಮನೆಯಲ್ಲಿ "ಚೆನ್ನಾಗೈತೆ" ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ!

ಈ ಪದ್ಧತಿಯನ್ನು ಅತ್ತೆ ಹಾಗೆಯೇ ಎತ್ತಿಕೊಂಡು ಹೋಗಿ ಆ ಗುಂಪಿನಲ್ಲಿ ಇಳಿಸಿದಳು. ಪ್ರತಿ ರಾಗವನ್ನೂ ಮೂರು ಸಲ ಕೇಳುವುದು: ಒಂದು ಸಲ ಮುಂಭಾಗ, ಒಂದು ಸಲ ಹಿಂಭಾಗ, ಕೊನೆಗೊಂದು ಸಲ ಅಂಚು ಮತ್ತು ಸೆರಗು. ಆಮೇಲೆ ಬರೆಯುವುದು. ಮೊದಲು ಗಟ್ಟಿಯಿರುವುದು ಯಾವುದು, ಆಮೇಲೆ ಸಡಿಲ ಎಲ್ಲಿದೆ, ಕಡೆಗೆ ಏನು ಮಾಡಬೇಕು. ಒಂದೇ ಬೆರಳಲ್ಲಿ ಒತ್ತುವುದರಿಂದ ಒಂದು ಅಭಿಪ್ರಾಯಕ್ಕೆ ಒಂದು ಬೆಳಗ್ಗೆ ಪೂರ್ತಿ ಬೇಕು. ಅನ್ನಕ್ಕಿಟ್ಟ ಎಸರು ಇಂಗಿ ಪಾತ್ರೆ ಸೀದರೂ ಹೆಂಗಸು ಏಳುವುದಿಲ್ಲ.

ಮೊದಲು ಸಿಕ್ಕಿದವರು ಆ ಹಾಸನದ ಹಲ್ಲಿನ ಡಾಕ್ಟರು. ಮುಂಜಾವಿನ ಬಗ್ಗೆ ಒಂದು ರಾಗ ಕಟ್ಟಿ ಅದರೊಳಗೆ ಕೊಳಲು, ಪಿಟೀಲು, ಸಿತಾರ್, ತಬಲ, ಗಂಟೆ, ಹಕ್ಕಿ ಎಲ್ಲ ತುಂಬಿದ್ದರು. ಅರವತ್ತು ಜನ ಸೂಪರ್ ಅಂದಿದ್ದರು. ಅರವತ್ತೊಂದನೆಯದಾಗಿ ನಮ್ಮತ್ತೆ ಬರೆದಳು: "ಡಾಕ್ಟ್ರೇ, ಒಡಲು ಗಟ್ಟಿ ಐತೆ. ಆದ್ರೆ ಮೈತುಂಬಾ ಜರಿ ಹಾಕೀರಿ. ಉಟ್ಟೋರು ಬಗ್ಗಿ ನೀರು ಕುಡಿಯಾಕಾಗಲ್ಲ. ಕೊಳಲು ಬಿಟ್ಟು ಮಿಕ್ಕಿದ್ದು ಬಿಚ್ಚಿ. ಎಳೆ ಕಟ್ಟೀನಿ."

ಡಾಕ್ಟರು ಕೆರಳಿದರು. "ತಾವು ಯಾವ ಸಂಗೀತ ಕಾಲೇಜಿನಲ್ಲಿ ಓದಿದ್ದು?" ಅಂತ ಕೇಳಿದರು.

"ಗುಂಡಿಯೊಳಗೆ ಕೂತು ಕಲ್ತಿದ್ದು ಸಾರ್, ನಲವತ್ತಾರು ವರ್ಷ. ಇನ್ನೂ ಪಾಸಾಗಿಲ್ಲ."

ಮೂರು ದಿನ ಮುನಿಸಿಕೊಂಡ ಡಾಕ್ಟರು ನಾಲ್ಕನೇ ದಿನ ಸಿತಾರ್ ತೆಗೆದರು. ಮರುವಾರ ಗಂಟೆ ಹೋಯಿತು. ಆಮೇಲೆ ಒಂದೊಂದೇ ಹಕ್ಕಿ ಹಾರಿಹೋಯಿತು. ಏಳು ಸಲ ತಿದ್ದಿದರು, ಏಳು ಸಲವೂ ಅತ್ತೆ ಮೂರು ಮೂರು ಬಾರಿ ಕೇಳಿದಳು. ಏಳನೆಯದಕ್ಕೆ "ಎಳೆ ಬಿಚ್ಚೀನಿ, ಉಡ್ಬೋದು" ಅಂತ ಬರೆದಳು. ಡಾಕ್ಟರು ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರಂತೆ. ಹಲ್ಲಿನ ಡಾಕ್ಟರು ಮೈಸೂರುಪಾಕು ಹಂಚಿದರೆ ಅದು ಸಂತೋಷವೋ ವ್ಯಾಪಾರವೋ ನನಗಂತೂ ತಿಳಿಯಲಿಲ್ಲ!

ಎರಡನೆಯವರು ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ಸ್ವತಃ ಬರೆದು, ರಾಗ ಹಾಕಿ, ಹಾಡಿದ್ದ ವಿರಹಗೀತೆ. ಅತ್ತೆಯ ಮೊದಲ ಮಾತಿಗೇ "ಸಂಗೀತ ಗೊತ್ತಿಲ್ಲದವರು ಮಾತಾಡಬಾರದು" ಅಂತ ಗದರಿಸಿದರು. "ಆಯ್ತು ಸಾರ್, ಇನ್ನೊಂದ್ಸಲ ಕೇಳ್ತೀನಿ" ಅಂದಳು ಅತ್ತೆ. ಅಂದದ್ದು ಮಾತ್ರವಲ್ಲ, ಮರುದಿನ ಚಳ್ಳಕೆರೆಯ ನಮ್ಮ ಮನೆಗೆ ಬರುವಾಗ ಬಸ್ಸಿನಲ್ಲೇ ಶುರು ಮಾಡಿದಳು. ಇಯರ್‌ಫೋನ್ ಆಕೆಗೆ ಆಗದು. ಕಿವಿಗೆ ಬಿರಡೆ ಹಾಕಿಕೊಂಡು ಕೇಳುವುದು ಯಾವ ಸೀಮೆ ಕೇಳುವುದು? ಹಾಗಾಗಿ ಖಾಸಗಿ ಬಸ್ಸಿನ ತುಂಬ ಪೊಲೀಸರ ವಿರಹ!

ಬಿ.ಜಿ. ಕೆರೆ ಬರುವಷ್ಟರಲ್ಲಿ ಬಸ್ಸು ಹಾಡು ಬೇಕು ಅನ್ನುವವರು, ಬೇಡ ಅನ್ನುವವರು ಅಂತ ಎರಡು ಪಂಗಡವಾಗಿತ್ತು. ಕಂಡಕ್ಟರು ಟಿಕೆಟ್ ಹರಿಯುವುದು ಬಿಟ್ಟು ಬಂದು ಕೇಳಿದ, "ಅವ್ವಾ, ಈ ದಬದಬ ನಮ್ಮ ಇಂಜಿನ್ನಿಂದಾ, ನಿಮ್ಮ ಫೋನಿಂದಾ?"

"ನನ್ಗೂ ಅದೇ ಅನುಮಾನ ಐತಪ್ಪಾ. ಒಂದ್ನಿಮಿಷ ಬಂದ್ ಮಾಡಿಸು."

ಬಂದ್ ಮಾಡಿಸಿದರು ಅಂದರೆ ನೀವು ನಂಬಬೇಕು! ಇಂಜಿನ್ ನಿಲ್ಲಿಸಿ, ಇಡೀ ಬಸ್ಸು ಉಸಿರು ಬಿಗಿಹಿಡಿದು ಕೇಳಿತು. ದಬದಬ ಫೋನಿನದೇ. ಶೇಂಗಾ ಮೂಟೆಯ ಮೇಲೆ ಕೂತಿದ್ದ ಹೆಂಗಸು ಕೊನೆಯ ಮಾತು ಹೇಳಿದಳು: "ಯಕ್ಕಾ, ಪಾಪ ಹಾಡೋನು ಬಾಗ್ಲ ಹಿಂದೆ ನಿಂತಂಗೈತೆ."

ಅತ್ತೆ ಅದನ್ನೇ ಬರೆದಳು, ಶೇಂಗಾ ಮೂಟೆಯ ಹೆಂಗಸಿನ ಅಭಿಪ್ರಾಯ ಅಂತ ಹೇಳಿಯೇ ಬರೆದಳು. "ಡ್ರಮ್ಮು ಹಿಂದಕ್ಕೆ ಕಳ್ಸಿ, ನೀವು ಮುಂದೆ ಬರ್ರಿ." ಎರಡು ದಿನ ಕಳೆಯಿತು. ಆಮೇಲೆ ಕಾನ್‌ಸ್ಟೇಬಲ್ ಬರೆದರು, "ಧ್ವನಿ ಮುಂದಿಡೋಕೆ ನನಗೆ ನಾಚಿಕೆ ಅಮ್ಮಾ." ಅತ್ತೆ ಕೂಡಲೇ ಉತ್ತರ ಕೊಟ್ಟಳು: "ಸ್ಟೇಷನ್ನಾಗೆ ಗದರೋವಾಗ ಇಲ್ದಿರೋ ನಾಚ್ಕೆ ಹಾಡೋವಾಗ ಯಾಕೆ?" ಈಗ ಅವರ ಡ್ರಮ್ಮು ಎಲ್ಲೋ ದೂರದಲ್ಲಿ ಕೇಳಿಸುತ್ತದೆ. ಧ್ವನಿ ನಮ್ಮ ಪಕ್ಕದಲ್ಲೇ ಕೂತು ಹಾಡುತ್ತದೆ. ಚೆನ್ನಾಗಿಯೇ ಹಾಡುತ್ತಾರೆ ಮನುಷ್ಯ.

ಮನೆಯವರ ಪಾಡು ಕೇಳಬೇಡಿ. ನಮ್ಮನೆಗೆ ಬಂದರೆ ನನ್ನ ಹೆಂಡತಿಯ ಉಪ್ಪಿಟ್ಟಿಗೂ ಮೂರು ಭಾಗದ ವಿಮರ್ಶೆ. "ಒಗ್ಗರಣೆ ಗಟ್ಟಿ ಐತೆ. ರವೆ ಸಡ್ಲ. ಇನ್ನೊಂದೀಟು ಹುರಿ." ನನ್ನ ಹೆಂಡತಿ ಒಳಗೆ ಬಂದು ನನ್ನ ಹತ್ತಿರ ಸಿಡುಕಿದಳು, "ರೀ, ಮುಂದಿನ್ಸಲ ಕೆಂಪು ದಾರದ ಉಂಡೆ ಬಚ್ಚಿಡ್ರಿ!"

ಇಷ್ಟು ಹೊತ್ತು ನಗುತ್ತಾ ಹೇಳಿದೆ. ಈಗ ನನ್ನ ಗುಟ್ಟು. ಶಾಲೆಯ ಪ್ರಾರ್ಥನೆಗೆಂದು ತಂದ ಕೀಬೋರ್ಡಿನ ಮೇಲೆ ನಾನೂ ಬೆರಳಾಡಿಸುತ್ತಿದ್ದೆ. ಮೂರು ವರ್ಷ ಒದ್ದಾಡಿ ಒಂದು ರಾಗ ಕಟ್ಟಿದೆ. ಹೆಂಡತಿಗೂ ಕೇಳಿಸಲಿಲ್ಲ. ಅದರ ತಾಳ ಮಾತ್ರ ತನಗೆ ತಾನೇ ಬಂತು; ಬೇರೆ ತಾಳ ಹಾಕಲು ನೋಡಿದರೂ ಬೆರಳು ಅದಕ್ಕೇ ಹೋಗುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ, ಅತ್ತೆಯ ಕೆಂಪು ಎಳೆ. ಮಗ್ಗದ ಗುಂಡಿಗೆ ಇಳಿಯದೆ ಹೋದ ನಾನು ತಿದ್ದಬಹುದಾದ ಏನನ್ನಾದರೂ ನೇಯ್ದಿದ್ದೇನೋ ಇಲ್ಲವೋ, ಅದು ಗೊತ್ತಾಗಬೇಕಿತ್ತು. ಅಣ್ಣನ ಮಗ ಅಂತ ದಾಕ್ಷಿಣ್ಯ ಮಾಡಬಾರದು ಅಂತ ಬೇರೆ ಹೆಸರಿಟ್ಟುಕೊಂಡು, ಊರು ಹೇಳದೆ ಗುಂಪಿಗೆ ಹಾಕಿದೆ.

ಎಪ್ಪತ್ತು ಸೂಪರ್ ಬಂತು. ಅತ್ತೆಯದು ಬರಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ನನ್ನ ಮೇಲಿನವರಿಗೆ ಎಳೆ ಕಟ್ಟಿದಳು, ಕೆಳಗಿನವರಿಗೆ ಕಟ್ಟಿದಳು, ನಡುವೆ ನಾನು ಬೋಳು! ಹದಿನೇಳನೇ ದಿನ, ಭಾನುವಾರ ಬೆಳಗ್ಗೆ ಕಾಫಿ ಕುಡಿಯುತ್ತಾ ಫೋನು ತೆಗೆದರೆ ಅತ್ತೆ ಬರೆದಿದ್ದಳು. ಒಂದೇ ಪದ.

"ಚೆನ್ನಾಗೈತೆ."

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಹೆಂಡತಿ ಏನಾಯಿತು ಅಂತ ಕೇಳಿದಳು. ಏನಂತ ಹೇಳುವುದು? ಎಪ್ಪತ್ತೊಂದು ಜನ ನನ್ನನ್ನು ಹೊಗಳಿದ್ದಾರೆ, ಅದಕ್ಕೆ ಅಳು ಬರುತ್ತಿದೆ ಅನ್ನುವುದೇ? ಅಂಗಿ ಹಾಕಿಕೊಂಡು ನೇರ ಬಸ್‌ಸ್ಟ್ಯಾಂಡಿಗೆ ಹೋದೆ. ಎಣ್ಣೆ ಮಿಲ್ಲುಗಳು ದಾಟಿದವು, ಬಯಲು ದಾಟಿತು. ಮೊಳಕಾಲ್ಮುರಿನಲ್ಲಿ ಇಳಿಯುವವರೆಗೂ ಬಾಯಲ್ಲಿ ಜಗಳದ ಮಾತು ಜೋಡಿಸುತ್ತಲೇ ಇದ್ದೆ. ಎಳೆ ಕಟ್ಟಿಸಿಕೊಳ್ಳದೆ ವಾಪಸು ಬರುವುದಿಲ್ಲ ಅಂತ ನಿಶ್ಚಯಿಸಿದ್ದೆ.

ಅತ್ತೆ ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತನ್ನ ಮಗ್ಗ ಕಳಚಿ ಇಟ್ಟಾಗಿತ್ತು. ಅಪ್ಪನ ಮಗ್ಗ ಮಾತ್ರ ಹಾಗೇ ಇತ್ತು, ಮೇಲೊಂದು ಹಳೆಯ ಪಂಚೆ ಹೊದಿಸಿಕೊಂಡು.

"ಬಿಸಿಲಾಗೆ ಯಾಕೋ ಬಂದೆ?"

"ಆ ರಾಗ ನಂದು ಅತ್ತೆ. ಚೆನ್ನಾಗೈತೆ ಅಂದ್ಯಲ್ಲ, ಅದು ನಂದು! ಅಷ್ಟೊಂದು ಕೆಟ್ಟೋಗೈತಾ? ಒಂದು ಎಳೆ ಕಟ್ಟೋಕೂ ಲಾಯಕ್ಕಿಲ್ವಾ?"

ಅತ್ತೆ ಪಕ್ಕದಲ್ಲಿದ್ದ ಫೋನು ಎತ್ತಿಕೊಂಡಳು. "ನಿಂದು ಅಂತ ಮೊದಲ್ನೇ ದಿನವೇ ಗೊತ್ತು" ಅಂದಳು.

"ಹೆಂಗೆ? ಹೆಸ್ರು ಬೇರೆ, ಊರು ಹಾಕಿಲ್ಲ..."

"ಆ ತಾಳ ಎಲ್ಲಿಂದ ತಂದೆ?"

"ಎಲ್ಲಿಂದ್ಲೂ ಇಲ್ಲ. ತಾನಾಗೇ ಬಂತು."

ಅತ್ತೆ ಪಂಚೆ ಹೊದ್ದ ಮಗ್ಗದ ಕಡೆ ನೋಡಿದಳು. ಆಮೇಲೆ ತೆಲುಗಿಗೆ ಇಳಿದಳು. "ಅದಿ ಮೀ ನಾಯನ ಮಗ್ಗಂರಾ." ಅದು ನಿಮ್ಮಪ್ಪನ ಮಗ್ಗ ಕಣೋ. ಸಿಟ್ಟಲ್ಲ ಅಂತ ಮುಖ ನೋಡದೆಯೇ ತಿಳಿಯಿತು.

ನಾನು ಹುಟ್ಟುವ ಮೊದಲೇ ಸೈಕಲ್ಲಿನಿಂದ ಬಿದ್ದು ಅಪ್ಪನ ಎಡಗಾಲು ಕೆಟ್ಟಿತ್ತು. ಮಗ್ಗ ತುಳಿಯುವಾಗ ಬಲಗಾಲಿನ ಏಟು ಹೊತ್ತಿಗೆ ಸರಿಯಾಗಿ ಬೀಳುತ್ತಿತ್ತು, ಎಡಗಾಲಿನದು ಒಂದು ಕೂದಲೆಳೆಯಷ್ಟು ತಡ. ಟಕ್ ಅಂದು, ಒಂದು ಚೂರು ನಿಂತು, ಮತ್ತೆ ಟಕ್. ಆ ಸದ್ದಿನಲ್ಲೇ ನಾನು ಹಾಲು ಕುಡಿದದ್ದು, ಅಕ್ಷರ ಕಲಿತದ್ದು, ಮಧ್ಯಾಹ್ನ ನಿದ್ದೆ ಮಾಡಿದ್ದು. ನನ್ನ ಸ್ವಂತದ್ದು ಅಂತ ಬೀಗುತ್ತಿದ್ದ ತಾಳ ಅಪ್ಪನ ಕುಂಟು ಕಾಲಿನದಾಗಿತ್ತು.

"ತಪ್ಪಿಲ್ಲ ಅಂತ ಅಲ್ಲ ಕಣೋ" ಅಂದಳು ಅತ್ತೆ. "ದಿನಾ ಹಾಕ್ಕೊಂಡು ಕೇಳ್ತಿದ್ದೆ. ಮಗುಚಿ ಹಿಂದ್ಗಡೆ ನೋಡಾಕೆ ಮನಸ್ಸು ಬರ್ಲಿಲ್ಲ. ಬರೀ ಮುಂದಿನ್ದೇ ನೋಡ್ತಾ ಕೂತೆ."

ಆದರೂ ನಾನು ಬಿಡಲಿಲ್ಲ. "ಎಲ್ರಿಗೂ ಮೂರು ಸಲ ಕೇಳ್ತೀಯ. ನಂಗೂ ಕೇಳು. ಎಳೆ ಕಟ್ಟು."

ಅಲ್ಲೇ ಕೂತು ಕೇಳಿದೆವು. ಮೊದಲ ಸಲ ಅತ್ತೆ ಕಣ್ಣೊರೆಸಿಕೊಂಡಳು. ಎರಡನೇ ಸಲ ಹುಬ್ಬು ಗಂಟಿಕ್ಕಿದಳು. ನೋಡಿ ನನಗೆ ಜೀವ ಬಂತು. ಮೂರನೇ ಸಲ ಮುಗಿದಾಗ "ಹೋಗು, ಬರೀತೀನಿ" ಅಂದಳು.

ಒಂದೇ ಬೆರಳಲ್ಲವೇ! ವಾಪಸು ಬಸ್ಸು ಚಳ್ಳಕೆರೆ ಮುಟ್ಟುವ ಹೊತ್ತಿಗೆ ಬಂತು: "ಒಡಲು ಗಟ್ಟಿ ಐತೆ. ಸೆರಗು ಬೇಗ ಮುಗಿಸೀಯ, ಇನ್ನೊಂದು ಮೊಳ ನೇಯಿ. ಎರಡನೇ ಏಟು ಪ್ರತಿಸಲ ತಡವಾಗಿ ಬೀಳ್ತೈತೆ. ಎರಡಕ್ಕೂ ಎಳೆ ಕಟ್ಟೀನಿ. ಸೆರಗು ತಿದ್ದು. ಏಟು ತಿದ್ದಬ್ಯಾಡ."

ಅದರ ಕೆಳಗೆ ಹಾಸನದ ಡಾಕ್ಟರು ಆಗಲೇ ಹಾಜರಾಗಿದ್ದರು. "ತಾಯಿ, ನನಗೆ ಏಳು ಸಲ ತಿದ್ದಿಸಿದಿರಿ. ಇವರಿಗೆ ತಾಳ ತಪ್ಪಿದರೂ ತಿದ್ದಬೇಡ ಅಂತೀರಿ. ಇದ್ಯಾವ ನ್ಯಾಯ?"

ಬಸ್ಸು ನಿಂತಿತು, ಜನ ಇಳಿದರು, ನಾನು ಸೀಟಿನಲ್ಲೇ ಕೂತು ಕಾದೆ. ಅತ್ತೆಯ ಉತ್ತರ ಬಂತು.

"ಅದು ತಾಳ ಅಲ್ಲ ಡಾಕ್ಟ್ರೇ. ನಮ್ಮಣ್ಣನ ಕಾಲು."