ತಗಡಿನ ಡಬ್ಬಿಯಲ್ಲಿ ನಲವತ್ತು ಎಂಬಿ

ಕೆಲವರಿಗೆ ಹಲ್ಲಿ ಕಂಡರೆ ಭಯ, ಕೆಲವರಿಗೆ ಮಾವನವರನ್ನು ಕಂಡರೆ. ನನಗೆ ಯಾರಾದರೂ ತಾಳ ಹಾಕಿದರೆ ಭಯ. ಸಂಗೀತ ಕಚೇರಿ ಕೇಳಲು ಹೋದಾಗ ಪಕ್ಕದವರು ತೊಡೆ ತಟ್ಟಿದರೆ ಸಾಕು, ನನ್ನ ಅಂಗೈ ಬೆವರುತ್ತದೆ. ವಡಾಲದ ನಮ್ಮ ಮನೆಯಲ್ಲಿ ಹೆಂಡತಿ ಹಿಟ್ಟಿನ ಡಬ್ಬಿಯ ತಳವನ್ನು ಎರಡು ಸಲ ಕುಟ್ಟಿದರೆ ಪೇಪರ್ ಕೆಳಗಿಟ್ಟು ಎದ್ದು ನಿಲ್ಲುತ್ತೇನೆ. ಬಿಎಸ್ಸಿ ಓದಿದವನಿಗೆ ಹೀಗಾಗಬಾರದು, ನಿಜ. ಆದರೆ ಆ ಬೆಳಗ್ಗೆ ಜೋಗೇಶ್ವರಿಯಲ್ಲಿ ಹತ್ತಿದ ಲೋಕಲ್ ರೈಲಿನಲ್ಲಿ ನಾನು ಕಂಡದ್ದನ್ನು ಕಂಡಿದ್ದರೆ ನಿಮಗೂ ಹೀಗೇ ಆಗುತ್ತಿತ್ತು.

ಆಗ ನಾನು ಜೋಗೇಶ್ವರಿಯಲ್ಲಿ, ಔಷಧಿ ಬಾಟಲಿಗಳಿಗೆ ಪ್ಲಾಸ್ಟಿಕ್ ಮುಚ್ಚಳ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಮುಚ್ಚಳ ಅಂದರೆ ಹಗುರವಾಗಿ ಕಾಣಬೇಡಿ. ಒಂದೊಂದು ಕಂಪನಿಯ ಬಾಟಲಿಗೂ ಒಂದೊಂದು ಅಳತೆ, ಒಂದೊಂದು ತಿರುವು, ಒಂದೊಂದು ಬಣ್ಣ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಕೆಮ್ಮಿನ ಔಷಧಿಯೆಲ್ಲ ಪೆಟ್ಟಿಗೆಯಲ್ಲೇ ಸೋರುತ್ತದೆ. ಈ ಅಳತೆಗಳೆಲ್ಲ ಮೊದಲು ಹನ್ನೆರಡು ದಪ್ಪ ರಿಜಿಸ್ಟರುಗಳಲ್ಲಿದ್ದವು. ಮಾಲೀಕರು ಮೈಸೂರು ಕಡೆಯ ಶ್ರೀಕಂಠಯ್ಯನವರು. ಅವರಿಗೆ ಕಂಪ್ಯೂಟರಿನ ಹುಚ್ಚು ಹಿಡಿಸಿದವನು ನಾನೇ. ಒಂದು ದೊಡ್ಡ ಕಂಪ್ಯೂಟರಿಗೆ ವೈರಿನಲ್ಲಿ ಮೂರು ಸಣ್ಣವನ್ನು ಜೋಡಿಸಿ, ಎಲ್ಲ ಅಳತೆಗಳನ್ನೂ ಆ ದೊಡ್ಡದರ ಹೊಟ್ಟೆಗೆ ತುಂಬಿಸಿ, ‘ಸಾರ್, ಇದು ಸರ್ವರ್ರು, ಇದಕ್ಕೆ ಮರೆವು ಅನ್ನೋದೇ ಇಲ್ಲ’ ಎಂದು ಹೇಳಿ, ಆ ಹನ್ನೆರಡು ರಿಜಿಸ್ಟರುಗಳನ್ನೂ ರದ್ದಿಯವನಿಗೆ ಹಾಕಿಸಿದ್ದೆ. ಅಂದು ನನ್ನ ಮುಖದಲ್ಲಿದ್ದ ಕಳೆಯನ್ನು ನೆನೆದರೆ ಈಗ ನನಗೇ ಒಂದು ಬಾರಿಸಬೇಕೆನಿಸುತ್ತದೆ.

ಮುಚ್ಚಳದ ವ್ಯಾಪಾರ ಬೆಳೆಯಿತು. ಗಿರಾಕಿಗಳು ಹೆಚ್ಚಿದರು, ಅಳತೆಗಳು ಹೆಚ್ಚಿದವು, ಸರ್ವರ್ರಿನ ನಲವತ್ತು ಎಂಬಿ ಡಿಸ್ಕು ಹಬ್ಬದೂಟ ಮಾಡಿದವರಂತೆ ‘ಇನ್ನು ಸಾಧ್ಯವಿಲ್ಲ’ ಎಂದು ಕೈಯೆತ್ತಿತು. ಇನ್ನೊಂದು ಡಿಸ್ಕು ಸೇರಿಸಬೇಕು. ಗ್ರಾಂಟ್ ರೋಡಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನರೇಶಭಾಯಿಗೆ ಫೋನ್ ಮಾಡಿದರೆ, ಹಳೆಯದನ್ನೂ ಹೊಸದನ್ನೂ ಜೊತೆಯಲ್ಲಿಟ್ಟು ಹೊಂದಿಸಬೇಕು, ಮನುಷ್ಯನನ್ನು ಕಳಿಸಿದರೆ ವಿಸಿಟಿಂಗ್ ಚಾರ್ಜು ಬೇರೆ ಎಂದ.

“ಅಲ್ಲಾ ಮೂರ್ತಿ, ಡಾಕ್ಟರು ಮನೇಗ್ ಬಂದ್ರೆ ಜಾಸ್ತಿ ತಗೋತಾರೆ ಅಂತ ನಾವೇ ದವಾಖಾನೇಗ್ ಹೋಗಲ್ವೇನ್ರೀ? ಬಿಚ್ಕೊಂಡು ಹೋಗಿ,” ಎಂದರು ಶ್ರೀಕಂಠಯ್ಯನವರು.

“ಸಾರ್, ಟ್ಯಾಕ್ಸಿ...”

“ಇಷ್ಟುದ್ದದ ಸಾಮಾನಿಗೆ ಟ್ಯಾಕ್ಸೀನೇ?”

ಇಟ್ಟಿಗೆಯ ಗಾತ್ರದ ಆ ಡಿಸ್ಕನ್ನು ನಾನು ಬಿಚ್ಚಿ ಟವೆಲಿನಲ್ಲಿ ಸುತ್ತಿದೆ. ಟೈಪಿಸ್ಟ್ ಸುಮತಿ ಉಡುಪಿ ಕಡೆಯ ಹುಡುಗಿ, ಮಾತು ಕಡಿಮೆ. ಅವಳ ಮೇಜಿನ ಮೇಲೆ ಎರಡು ತಗಡಿನ ಬಿಸ್ಕತ್ತಿನ ಡಬ್ಬಿಗಳಿದ್ದವು. ಒಂದನ್ನು ಖಾಲಿ ಮಾಡಿ ಕೊಟ್ಟಳು. ಎರಡನೆಯದು ಇನ್ನೂ ಗಟ್ಟಿಯಾಗಿ ಕಂಡಿತೆಂದು ಕೈಹಾಕಿದೆ.

“ಅದು ಬೇಡ ಸರ್, ಅದರಲ್ಲಿ ನನ್ನ ಸಾಮಾನು ಉಂಟು,” ಎಂದು ಡ್ರಾಯರಿಗೆ ಸೇರಿಸಿದಳು. ಪೌಡರು ಬಾಚಣಿಗೆ ಇರಬೇಕೆಂದುಕೊಂಡೆ.

ಲೋಕಲ್ಲಿನಲ್ಲಿ ಒಂದು ಸಂಪ್ರದಾಯವಿದೆ. ನಿಂತವನ ಕೈಯಲ್ಲಿ ಚೀಲ ಕಂಡರೆ ಕೂತವನು ಇಸಿದುಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಬೇಡವೆಂದರೆ ಅವನ ಪ್ರಾಮಾಣಿಕತೆಯ ಮೇಲೆ ಸಂಶಯಪಟ್ಟಂತೆ. ಅಂದು ಒಳಕ್ಕೆ ತಳ್ಳಿಸಿಕೊಂಡ ನಾನು ಎರಡೂ ಕೈಗಳಲ್ಲಿ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದೆ. ಕಿಟಕಿಯ ಬಳಿ ಕೂತಿದ್ದ ಗಂಧದ ನಾಮದ ದಪ್ಪನೆಯ ಮನುಷ್ಯ, “ದ್ಯಾ ಸಾಹೇಬ್, ಇಕಡೆ ದ್ಯಾ,” ಎಂದು ಕೈಚಾಚಿದ. ಡಬ್ಬಿ ನನ್ನ ಕೈಯಿಂದ ಇನ್ನೊಬ್ಬರ ಕೈಗೆ, ಅಲ್ಲಿಂದ ಮತ್ತೊಬ್ಬರ ಕೈಗೆ ಹೋಗಿ ಅವನ ತೊಡೆ ಸೇರಿತು. ಟವೆಲ್ಲು, ತಗಡು, ತೊಡೆ, ಮೂರರ ರಕ್ಷಣೆ. ನಾನು ನಿಟ್ಟುಸಿರು ಬಿಟ್ಟೆ.

ಅಂಧೇರಿ ದಾಟಿದ್ದೇ ಭಜನೆ ಶುರುವಾಯಿತು. ಆ ಬೋಗಿಯ ತುಂಬ ಅವರದೇ ಮಂಡಳಿ. ಒಬ್ಬ ಗೋಡೆ ತಟ್ಟಿದ, ಇಬ್ಬರು ತಾಳ ತೆಗೆದರು, ನಾಮದ ಮನುಷ್ಯ ಕಣ್ಣು ಮುಚ್ಚಿ ತೊಡೆಯ ಮೇಲೆ ಸಿಕ್ಕಿದ್ದನ್ನು ಬಾರಿಸತೊಡಗಿದ. ಅವನ ತೊಡೆಯ ಮೇಲಿದ್ದದ್ದು ನಮ್ಮ ಕಾರ್ಖಾನೆ. ಧಿನ್ ಅಂದರೆ ಹಸಿರು ಮುಚ್ಚಳಗಳು, ತಾ ಅಂದರೆ ಬಿಳಿಯವು. ಒಂದೊಂದು ಪೆಟ್ಟಿಗೂ ಒಂದೊಂದು ಗಿರಾಕಿ ನನ್ನ ಕಣ್ಣೆದುರಿಗೇ ಸಾಯುತ್ತಿದ್ದ. ರಿಜಿಸ್ಟರುಗಳು ರದ್ದಿಯಲ್ಲಿ ಕಡಲೆಕಾಯಿ ಪೊಟ್ಟಣಗಳಾಗಿ ವರ್ಷಗಳೇ ಕಳೆದಿದ್ದವು. ಇದು ಹೋದರೆ ನಲವತ್ತು ಜನರ ಕೆಲಸ, ಅದಕ್ಕೂ ಮೊದಲು ನನ್ನದು.

“ಭಾಯೀಸಾಬ್, ಉಸ್ಮೆ ಕಂಪ್ಯೂಟರ್ ಹೈ!” ಎಂದು ಕೂಗಿದೆ. ನಡುವೆ ಏಳು ಜನ, ಮೇಲೆ ವಿಠ್ಠಲನಾಮ. ನನ್ನ ಬಾಯಿ ಆಡುವುದನ್ನು ಕಂಡವರು ನಾನೂ ಹಾಡುತ್ತಿದ್ದೇನೆಂದು ತಿಳಿದು ಮೆಚ್ಚಿ ತಲೆಯಾಡಿಸಿದರು. ಕೈ ಮೇಲೆತ್ತಿ ‘ಮೆಲ್ಲಗೆ, ಮೆಲ್ಲಗೆ’ ಎಂದು ಸನ್ನೆ ಮಾಡಿದೆ. ಆಗ ಒಂದು ವಿಚಿತ್ರ ನಡೆಯಿತು. ಹಾಡುತ್ತಿದ್ದ ಮುದುಕ ನನ್ನ ಕೈಯನ್ನೇ ನೋಡಿ ಲಯ ಇಳಿಸಿದ. ‘ಯಾರೋ ಬಲ್ಲವರು’ ಎಂಬಂತೆ ಪಕ್ಕದವನು ತನ್ನ ತಾಳಗಳನ್ನೇ ನನ್ನ ಕೈಗಿಟ್ಟ. ನಾನು ನಿಧಾನಿಸಿದರೆ ನಾಮದವನ ಪೆಟ್ಟೂ ನಿಧಾನಿಸುತ್ತದೆಂದು ಹೊಳೆದದ್ದೇ, ಮೂರು ಉಸಿರಿಗೊಂದು ತಾಳ ಹಾಕತೊಡಗಿದೆ. ಬಾಂದ್ರಾದ ಹೊತ್ತಿಗೆ ಭಜನೆ ಜೋಗುಳದಂತಾಗಿತ್ತು. ದಾದರ್‌ನಲ್ಲಿ ಇಬ್ಬರು ನಿಂತೇ ತೂಕಡಿಸುತ್ತಿದ್ದರು. ಸಂಗೀತದ ಗಂಧವಿಲ್ಲದ ನಾನು ಗ್ರಾಂಟ್ ರೋಡಿನವರೆಗೂ ಒಂದು ಮಂಡಳಿಯನ್ನು ನಡೆಸಿದೆ, ನಲವತ್ತು ಎಂಬಿಗೋಸ್ಕರ.

ಇಳಿಯುವಾಗ ನಾಮದವನು ಡಬ್ಬಿಯನ್ನು ಹಣೆಗೊತ್ತಿಕೊಂಡು ಕೊಟ್ಟ. “ಆವಾಜ್ ಛಾನ್ ಆಹೆ,” ಎಂದ. ನಾದ ಚೆನ್ನಾಗಿದೆಯಂತೆ.

ನರೇಶಭಾಯಿ ಡಿಸ್ಕಿಗೆ ವೈರು ಸಿಕ್ಕಿಸಿದಾಗ ನಾನು ಗೋಡೆಯ ಕಡೆ ತಿರುಗಿ ನಿಂತಿದ್ದೆ. “ಏಕ್‌ದಮ್ ಠೀಕ್ ಹೈ, ಮೂರ್ತಿಭಾಯಿ,” ಎಂದ. ಒಂದು ಅಳತೆಯೂ ಹೋಗಿರಲಿಲ್ಲ! ಹೊಸ ಡಿಸ್ಕಿನ ಜೊತೆ ಹೊಂದಿಸಿ, ಹೊಸದನ್ನು ಅದರದೇ ದಪ್ಪ ಸ್ಪಂಜಿನ ಪೆಟ್ಟಿಗೆಯಲ್ಲಿ, ಹಳೆಯದನ್ನು ನಮ್ಮ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಟ್ಟ. ವಾಪಸು ಬರುವಾಗ ಬೋಗಿ ಖಾಲಿಯಿತ್ತು. ನಾನೇ ಕೂತೆ, ನನ್ನ ತೊಡೆಯ ಮೇಲೇ ಇಟ್ಟುಕೊಂಡೆ.

ಕಾರ್ಖಾನೆಯಲ್ಲಿ ಎಲ್ಲರೂ ಸುತ್ತ ನೆರೆದರು. ಇಂಥ ಕಥೆ ಕೈಯಲ್ಲಿರುವಾಗ ಸುಮ್ಮನಿರುವ ಗುಣ ದೇವರು ನನಗೆ ಕೊಟ್ಟಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಆರಂಭಿಸಿದೆ. ಮೆಷಿನ್ನಿನವರೂ ಕೆಲಸ ನಿಲ್ಲಿಸಿ ಬಂದರು.

“ಅಷ್ಟು ಜೋರಾಗಿ ಬಾರಿಸಿದ್ನೇನ್ರೀ?” ಎಂದರು ಶ್ರೀಕಂಠಯ್ಯನವರು.

“ಜೋರಾ? ಸಾರ್, ಹೀಗೆ!” ಎಂದು ಎರಡೂ ಕೈಯೆತ್ತಿ ತೋರಿಸಿಯೇ ಬಿಟ್ಟೆ. ನಾಮದವನಿಗೆ ಒಳಗೇನಿದೆಯೆಂದು ಗೊತ್ತಿರಲಿಲ್ಲ, ಪಾಪ. ಅವನಿಗೆ ಲಯವಾದರೂ ಇತ್ತು. ನನ್ನ ನಾಲ್ಕನೆಯ ಏಟಿಗೆ ಡಬ್ಬಿ ಮೇಜಿನಿಂದ ಜಾರಿ ನೆಲಕ್ಕೆ ಬಿತ್ತು. ಯಾರೂ ನಗಲಿಲ್ಲ.

ಸರ್ವರ್ರಿಗೆ ಜೋಡಿಸಿದಾಗ ಹಳೆಯ ಡಿಸ್ಕು ‘ಕಟ್, ಕಟ್’ ಎಂದಿತು. ಆಮೇಲೆ ಅದೂ ಇಲ್ಲ. ಶ್ರೀಕಂಠಯ್ಯನವರು ಕುರ್ಚಿಯಲ್ಲಿ ಕೂತು, “ರದ್ದಿಯೋನ ವಿಳಾಸ ಇದೆಯೇನ್ರೀ, ಮೂರ್ತಿ?” ಎಂದು ತೀರ ಮೆತ್ತಗೆ ಕೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಗ ಸುಮತಿ ಡ್ರಾಯರಿನಿಂದ ಇನ್ನೊಂದು ಡಬ್ಬಿ ತೆಗೆದು ಮುಚ್ಚಳ ತೆರೆದಳು. ಒಳಗೆ ಪೌಡರೂ ಇಲ್ಲ, ಬಾಚಣಿಗೆಯೂ ಇಲ್ಲ. ಸಾಲಾಗಿ ಜೋಡಿಸಿದ ಫ್ಲಾಪಿಗಳು, ಒಂದೊಂದರ ಮೇಲೂ ಮುತ್ತಿನಂಥ ಅಕ್ಷರದಲ್ಲಿ ಗಿರಾಕಿಗಳ ಹೆಸರು.

“ಪ್ರತಿ ಶನಿವಾರ ಕಾಪಿ ಮಾಡಿ ಇಡ್ತೇನೆ ಸರ್. ಅಳತೆ ಎಲ್ಲ ಉಂಟು.”

“ಯಾವಾಗಿನಿಂದಮ್ಮಾ?” ಎಂದರು ಶ್ರೀಕಂಠಯ್ಯನವರು, ಎದ್ದು ನಿಂತು.

ಸುಮತಿ ನನ್ನ ಕಡೆ ನೋಡಿ, ನೆಲ ನೋಡಿದಳು. “ಮೂರ್ತಿ ಸರ್ ಇದಕ್ಕೆ ಮರೆವೇ ಇಲ್ಲ ಅಂತ ಹೇಳಿದ್ರಲ್ಲ, ಅವತ್ತಿನಿಂದ.”

ಸಂಜೆಯ ಹೊತ್ತಿಗೆ ಹೊಸ ಡಿಸ್ಕಿನಲ್ಲಿ ಅಳತೆಗಳೆಲ್ಲ ಕೂತವು. ನಾನು ಕೆಲಸದಲ್ಲಿ ಉಳಿದೆ, ಸರ್ವರ್ರಿನ ಬೀಗದಕೈ ಸುಮತಿಗೆ ಹೋಯಿತು. ಮನೆಗೆ ಬಂದ ನೆಂಟರಿಗೆ ಈಗಲೂ ಈ ಕಥೆ ಹೇಳುತ್ತೇನೆ. ಅಂಧೇರಿ ದಾಟಿತು ಅನ್ನುವಷ್ಟರಲ್ಲಿ ಹೆಂಡತಿ ಒಳಗಿನಿಂದ ಬಂದು ನನ್ನ ಮುಂದಿರುವ ತಟ್ಟೆ ಲೋಟಗಳನ್ನು ಎತ್ತಿಕೊಂಡು ಹೋಗುತ್ತಾಳೆ.