ಉಬ್ಬು ಮೇಲೋ, ಕೆಳಗೋ?

‘ಈ ಗೋಡೆಯ ಮರದ ಪಟ್ಟಿ ನಮ್ಮ ಮಾವನವರೇ ಜಡಿದದ್ದು, ಆನೆ ಒರಗಿದರೂ ಅಲ್ಲಾಡಲ್ಲ’ ಎಂದು ಮನೆಗೆ ಬಂದಿದ್ದ ಹೆಂಡತಿಯ ಆಫೀಸಿನವರಿಗೆ ಹೇಳುತ್ತ ನಾನು ಒರಗಿದೆ. ಅಲ್ಲಾಡಲಿಲ್ಲ. ನೇರ ಕಿತ್ತುಕೊಂಡೇ ಬಂತು. ಪಟ್ಟಿ ಎರಡು ತುಂಡಾಗಿ ನೆಲದ ಮೇಲೆ, ನಾನು ಇಡಿಯಾಗಿ ಅವರ ಮ್ಯಾನೇಜರಮ್ಮನ ಮಡಿಲಲ್ಲಿ.

‘ಅಪ್ಪ ಆನೆ ವಿಷ್ಯ ಹೇಳಿದ್ರು, ನಿಮ್ಮ ವಿಷ್ಯ ಹೇಳಿರ್ಲಿಲ್ಲ,’ ಎಂದಳು ಹೆಂಡತಿ. ‘ಭಾನುವಾರ ಬರ್ತಾರೆ. ಅಷ್ಟರಲ್ಲಿ ಇಂಥದ್ದೇ ಹೊಸದು ಮಾಡಿಸಿ.’

ತುಂಡನ್ನು ಬಗಲಿಗಿಟ್ಟುಕೊಂಡು ಮರದ ಮಿಲ್ಲಿಗೆ ಓಡಿದೆ. ಹುಬ್ಬಿನ ಮೇಲೂ ಮರದ ಹೊಟ್ಟು ಹೊತ್ತಿದ್ದ ಮೇಸ್ತ್ರಿ, ಇದರ ಆಕಾರಕ್ಕೆಂದೇ ಅಲಗು ಮಸೆದು ಹೊಸ ಪಟ್ಟಿ ಕೊರೆದುಕೊಡುತ್ತೇನೆಂದ. ಪಟ್ಟಿಯ ಒಂದಂಚಿನಲ್ಲಿ ಉಬ್ಬು, ಇನ್ನೊಂದರಲ್ಲಿ ಎರಡು ಗೀರು. ಗೋಡೆಯಲ್ಲಿ ಯಾವುದು ಮೇಲಿತ್ತು? (ಇಪ್ಪತ್ತು ವರ್ಷ ಅದರೆದುರೇ ಕೂತು ಪೇಪರ್ ಓದಿದ್ದೇನೆ. ಗೊತ್ತಿಲ್ಲ.) ಹೆಂಡತಿಗೆ ಫೋನಾಯಿಸಿದೆ.

‘ಉಬ್ಬು ಮೇಲೆ ರೀ. ಎಡಗಡೆ ಗೋಡೇದು ನೋಡೇ ಹೇಳ್ತಿದೀನಿ.’ ಆಮೇಲೆ ಬಲಕ್ಕೆ ತಿರುಗಿದಳೇನೋ. ‘ಅಯ್ಯೋ, ಬಲಗಡೆ ಗೋಡೇಲಿ ಉಬ್ಬು ಕೆಳಗಿದೆ!’

ನನಗೆ ರೋಮಾಂಚನವಾಯಿತು. ಮದುವೆಯಾದಂದಿನಿಂದ ನಾನು ಬಡಿದ ಮೊಳೆ, ಹಾಕಿದ ಚಿಲಕ, ಕಟ್ಟಿದ ಗಂಟುಗಳಲ್ಲೆಲ್ಲ ದೋಷ ಕಂಡ ಮಹಾನುಭಾವರು, ಒಂದು ಗೋಡೆಯಲ್ಲಿ ಪಟ್ಟಿಯನ್ನು ತಲೆಕೆಳಗಾಗಿ ಜಡಿದಿದ್ದಾರೆ! ಹಾಗೆಂದೇಬಿಟ್ಟೆ.

‘ಅಪ್ಪ ತಪ್ಪು ಮಾಡೋರಲ್ಲ.’

‘ಹಾಗಾದ್ರೆ ಗೋಡೆ ತಪ್ಪಾ?’

‘ಇರಬಹುದು.’

ಪಟ್ಟಿ ಕಿತ್ತುಬಂದ ನಡುಗೋಡೆಯನ್ನು ಯಾವುದಕ್ಕೆ ಹೊಂದಿಸುವುದು? ತುಂಡನ್ನು ಹತ್ತು ಸಲ ತಿರುಗಿಸಿ, ನಾನೇ ಒಂದು ಸುತ್ತು ತಿರುಗಿದಾಗ ಜ್ಞಾನೋದಯವಾಯಿತು. ಎರಡನ್ನೂ ಮಾಡಿಸಿ ಮಾವನವರ ಮುಂದಿಟ್ಟರೆ? ಅವರು ಯಾವುದನ್ನು ಆರಿಸಿದರೂ ಅದಕ್ಕೆ ಹೊಂದದ ಪಕ್ಕದ ಗೋಡೆ ತಪ್ಪೆಂದು ತಾವೇ ಒಪ್ಪಿಕೊಂಡಂತೆ!

‘ಎರಡು ಮಾಡಿ,’ ಎಂದೆ ಗತ್ತಿನಿಂದ. ‘ಒಂದು ಉಬ್ಬು ಮೇಲಿರೋದು, ಒಂದು ಉಬ್ಬು ಕೆಳಗಿರೋದು.’

ಮೇಸ್ತ್ರಿ ತುಂಡನ್ನು ನೋಡಿದ, ನನ್ನನ್ನು ನೋಡಿದ. ‘ಎರಡೂ ಬೇರೆ ಬೇರೆ?’

‘ಪೂರ್ತಿ ಬೇರೆ.’

‘ಆಗ್ಲಿ ಸಾರ್. ಬೇರೆ ಬೇರೆ ಕಟ್ಟಿಕೊಡ್ತೀನಿ.’

ಭಾನುವಾರ ಮಾವನವರು ಬಂದರು. ಎರಡು ಕಟ್ಟನ್ನೂ ಬಿಚ್ಚಿ, ‘ಇದು ನೇರದ್ದು ಮಾವ, ಇದು ತಲೆಕೆಳಗಿನದು. ನೀವೇ ಆರಿಸಿ,’ ಎಂದೆ, ವಿನಯದ ಮೂರ್ತಿಯಾಗಿ.

ಅವರು ಒಂದನ್ನೆತ್ತಿ ಗೋಡೆಗಿಟ್ಟರು: ಉಬ್ಬು ಮೇಲೆ. ಅದರ ಎಡತುದಿಯನ್ನು ಬಲಕ್ಕೆ ತಿರುಗಿಸಿ ಮತ್ತೆ ಇಟ್ಟರು: ಉಬ್ಬು ಕೆಳಗೆ. ಇನ್ನೊಂದೂ ಹಾಗೆಯೇ. ಆಮೇಲೆ ಎರಡನ್ನೂ ಜೋಡಿಸಿ ಹಿಡಿದರು. ಅವಳಿ ಜವಳಿ! ಎಡಬಲದ ಗೋಡೆಗಳ ಕಡೆ ಅವರು ಕಣ್ಣೆತ್ತಿಯೂ ನೋಡಲಿಲ್ಲ.

ನಾನು ಒಂದನ್ನು ಕಸಿದುಕೊಂಡು ತಿರುಗಿಸಿದೆ, ಮರಳಿ ತಿರುಗಿಸಿದೆ, ಲೆಕ್ಕ ತಪ್ಪಿದೆ. ಆದರೂ ಬಿಡಲಾದೀತೇ?

‘ಅಲ್ಲ ಮಾವ, ತಲೆಕೆಳಗಿರೋದು ಅಂತ ಒಂದು ಇರ್ಲೇಬೇಕಲ್ಲ? ಯಾವುದು ಅದು?’

ಮಾವನವರು ಕನ್ನಡಕ ಒರೆಸಿಕೊಂಡರು.

‘ಈಗ ನೀವು ಹಿಡ್ಕೊಂಡಿರೋದು, ಅಳಿಯಂದಿರೇ.’