ನರ್ಸಬಾಯಿ ಬಂದ್ರು, ಓಡ್ರಿ!

ಸರಕಾರಿ ದವಾಖಾನಿಯ ಕೆಲಸಕ್ಕೆ ಸೇರಿದ ಮೇಲೆ ಸುಮ್ಮನೆ ಎಲ್ಲಿಗಾದರೂ ಹೋಗಿ ಬರುವುದು ನನ್ನ ಪಾಲಿಗೆ ಮುಗಿದೇ ಹೋಯಿತು. ಮಲ್ಲಿಗೆ ತರಲು ಸಂತೆಗೆ ಹೋದರೂ ಮಂದಿಗೆ ಸಂಶಯ, ಕಬ್ಬಿನ ಹಾಲು ಕುಡಿಯಲು ನಿಂತರೂ ಸಂಶಯ. ಈಕಿ ಯಾಕ ಬಂದಾಳ? ಯಾರನ್ನ ಹಿಡಕೊಂಡು ಹೋಗಾಕ ಬಂದಾಳ?

ಅವರ ತಪ್ಪೂ ಅಲ್ಲ ಬಿಡಿ. ಎಪ್ಪತ್ತರ ದಶಕದ ನಡುವಿನ ಕಾಲ ಅದು. ಎಲ್ಲಿ ನೋಡಿದರೂ ಕುಟುಂಬ ಯೋಜನೆಯ ಮಾತು, ಗೋಡೆಗೋಡೆಗೆ ಅದರ ಕೆಂಪು ತ್ರಿಕೋನ, ಗಂಡಸರನ್ನು ಹಿಡಿದೊಯ್ದು ಮಕ್ಕಳಾಗದ ಆಪರೇಶನ್ ಮಾಡಿಸುತ್ತಾರೆಂಬ ಸುದ್ದಿ. ನಾನೋ, ಬಿಳಿ ಸೀರೆ ಉಟ್ಟು ಕರಿ ಚೀಲ ಹಿಡಿದು ಬಾಗಲಕೋಟೆ, ಬಾದಾಮಿ, ಹುನಗುಂದದ ಹಳ್ಳಿಗಳನ್ನೆಲ್ಲ ಸುತ್ತುವ ನರ್ಸಬಾಯಿ. ಹೆರಿಗೆ ಮಾಡಿಸುವುದು, ಮಕ್ಕಳಿಗೆ ಸೂಜಿ ಹಾಕುವುದು, ಬಸುರಿಯರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ಚೀಲದೊಳಗೆ ಕತ್ತರಿ ಐತಿ ಎಂದು ಗಂಡಸರೆಲ್ಲ ಖಾತ್ರಿ ಮಾಡಿಕೊಂಡಿದ್ದರು. ಕತ್ತರಿ ಇತ್ತು, ಖರೆ. ಬ್ಯಾಂಡೇಜ್ ಬಟ್ಟೆ ಕತ್ತರಿಸಲು!

ಕೆಂಪು ಗುಳಿಗಿ

ಮೊದಲು ನನ್ನನ್ನು ಬೇವೂರಿನ ಕಡೆ ಹಾಕಿದ್ದರು. ಬಸುರಿ ಹೆಂಗಸರಿಗೆ ರಕ್ತ ಹೆಚ್ಚಾಗುವ ಕೆಂಪು ಗುಳಿಗಿ ಕೊಡಬೇಕಿತ್ತು. ಒಂದು ಮನೆಯಲ್ಲಿ ಸೊಸೆ ಬಸುರಿ. ಪಾಪ, ಮುಖ ಬಿಳಚಿಕೊಂಡು ಸುಣ್ಣದ ಗೋಡೆಯಂತಾಗಿತ್ತು. ಗುಳಿಗಿ ತೆಗೆದು ಅವಳ ಕೈಗೆ ಕೊಡುವಷ್ಟರಲ್ಲಿ ಅತ್ತೆ ನಡುವೆ ಬಂದಳು.

"ಇದನ್ನ ತಿಂದ್ರ ಮುಂದ ಮಕ್ಕಳಾಗೂದಿಲ್ಲಂತಲ್ಲ?"

"ಇಲ್ಲಬೇ ಯವ್ವಾ, ಇದು ಮೈಯಾಗ ರಕ್ತ ಆಗಾಕ."

"ಹಂಗಾರ ಮೊದಲ ನೀವು ತಿನ್ರಿ."

ತಿಂದೆ. ಮುದುಕಿಗೆ ಸಮಾಧಾನವಾಗಲಿಲ್ಲ. "ಬಾಯಿ ತಗೀರಿ" ಎಂದಳು. ತೆಗೆದೆ. "ನಾಲಿಗಿ ಎತ್ರಿ" ಎಂದಳು. ಎತ್ತಿದೆ. ಅಷ್ಟು ಚೆಂದಾಗಿ ನಾನು ಯಾವ ರೋಗಿಯನ್ನೂ ತಪಾಸಣೆ ಮಾಡಿರಲಿಲ್ಲ. ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. "ನಾಳಿಗಿ ಬರ್ರಿ, ನೋಡೂಣು" ಎಂದು ಮುದುಕಿ ನನ್ನನ್ನು ಕಳಿಸಿದಳು.

ಮರುದಿನ ನಾನು ಬಸ್ಸಿನಿಂದ ಇಳಿಯುವುದನ್ನೇ ಕಾಯುತ್ತ ಆಕೆ ನಿಂತಿದ್ದಳು. ಮೇಲಿಂದ ಕೆಳಗಿನವರೆಗೂ ನೋಡಿದಳು.

"ಹೊಟ್ಟಿ ನೋವಾತೇನು?"

"ಇಲ್ಲಬೇ."

"ತಲಿ ತಿರುಗಿತೇನು?"

"ಇಲ್ಲ."

"ನಿದ್ದಿ?"

"ಚಲೋ ಬಂತು."

ಮುದುಕಿ ಗೆದ್ದವಳಂತೆ ಹೆಂಗಸರ ಕಡೆ ತಿರುಗಿದಳು. "ನೋಡಿದ್ರಿಲ್ಲೋ? ಇದರಾಗ ಔಷಧನ ಇಲ್ಲ! ಸರಕಾರದವರು ಬರೇ ಬಣ್ಣ ಹಚ್ಚಿ ಕೊಡಾಕತ್ತಾರ!"

ನನಗೆ ಅಳು ಬರುವುದೊಂದು ಬಾಕಿ. ಆ ಸೊಸೆಯ ಮುಖ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಮುದುಕಿ ನನ್ನ ಚೀಲದ ಮುಂದೆ ಸೆರಗು ಒಡ್ಡಿದಳು.

"ಕೊಡ್ರಿ ಹಂಗಾರ. ಏನೂ ಆಗದ ಗುಳಿಗಿ ಅಂದ ಮ್ಯಾಲ, ತಿಂದ್ರ ತಿನ್ನಲಿ!"

ಮಾಳಿಗಿ ಮ್ಯಾಲಿನ ಗಾಳಿ

ಹುನಗುಂದದಲ್ಲಿ ನಾನಿದ್ದದ್ದು ಒಂದು ಬಾಡಿಗೆ ಖೋಲಿಯಲ್ಲಿ. ಬ್ಯಾಸಗಿಯಲ್ಲಿ ಆ ಖೋಲಿ ಅಂದರೆ ರೊಟ್ಟಿ ಹಂಚು. ಸಂಜೆ ಕೆಲಸ ಮುಗಿಸಿ ಬಂದು ಮಾಳಿಗಿ ಏರುತ್ತಿದ್ದೆ. ಒಂದು ಕೊಡ ನೀರು ಚಿಮುಕಿಸಿ ಚಾಪೆ ಹಾಸಿಕೊಂಡು ಕೂತರೆ, ಕಾದ ಮಣ್ಣಿನಿಂದ ಒಂದು ವಾಸನೆ ಏಳುತ್ತಿತ್ತು. ಸೌತಿಕಾಯಿಗೆ ಉಪ್ಪು ಖಾರ ಹಚ್ಚಿಕೊಂಡು ತಿನ್ನುತ್ತ, ಕೂದಲು ಬಿಚ್ಚಿಕೊಂಡು ಕೂಡುವುದು. ದಿನವಿಡೀ ಬಿಸಿಲಲ್ಲಿ ಬೆಂದವಳಿಗೆ ಅದೇ ನನ್ನ ಊಟಿ, ಅದೇ ನನ್ನ ಮಹಾಬಳೇಶ್ವರ.

ಮನೆಯ ಮಾಲಕಿಗೆ ಸಂಶಯ ಬಂತು. ಒಬ್ಬಂಟಿ ಹೆಣ್ಣುಮಗಳು ದಿನಾ ಸಂಜೆ ಮ್ಯಾಲ ಯಾಕ ಹೋಗ್ತಾಳ?

"ಮ್ಯಾಲ ಏನ್ ಮಾಡ್ತೀರಿ ಬಾಯಾರ?"

"ಗಾಳಿಗೆ ಕೂಡ್ತೇನಿರಿ."

"ಗಾಳಿ ಕೆಳಗೂ ಐತೆಲ್ರಿ."

ಮಾರನೆಯ ದಿನ ಹಪ್ಪಳ ತೆಗೆಯುವ ನೆವ ಮಾಡಿ ಆಕೆ ಮೇಲೆ ಬಂದಳು. ಅಲ್ಲಿ ಒಂದು ಹಪ್ಪಳವೂ ಇರಲಿಲ್ಲ. ಗೋಡೆಯ ಆಚೆ ಇಣುಕಿದಳು, ಎದುರು ಮನೆಯ ಕಿಟಕಿ ನೋಡಿದಳು. ಆ ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ಕಾಣಲಿಲ್ಲವೆಂದರೆ ಅಡಗಿಕೊಂಡಾರು ಎಂದು ಕಾಯಲು ಕೂತಳು. ಕೂತಾಗ ಗಾಳಿ ಬೀಸಿತು. ಸೌತಿಕಾಯಿಯ ಅರ್ಧ ಕೊಟ್ಟೆ. ತಿಂದಳು. "ಇನ್ನೊಂದೀಟು ಉಪ್ಪು ಬೇಕಿತ್ತು" ಎಂದಳು.

ಮರುದಿನ ಗಂಡನನ್ನು ಕಾವಲಿಗೆ ಕಳಿಸಿದಳು. ಆತ ದಿಂಬು ತಂದ. ಅದರ ಮರುದಿನ ಎದುರು ಮನೆಯವರು ಬಂದರು. ಇವರೆಲ್ಲ ದಿನಾ ತಮ್ಮ ಕಿಟಕಿಯ ಕಡೆ ಯಾಕೆ ನೋಡುತ್ತಾರೆ ಎಂದು ಅವರಿಗೆ ಸಂಶಯ. ಅವರೂ ಕೂತರು.

ವಾರ ಕಳೆಯುವುದರೊಳಗೆ ಮಾಳಿಗಿಯ ತುಂಬ ಮಂದಿ. ಚೂಡಾ, ಚಹಾ, ಇಸ್ಪೀಟು ಎಲ್ಲ ಶುರುವಾಗಿತ್ತು. ನಾನು ಚಾಪೆ ಹಿಡಿದು ಮೇಲೇರಿದಾಗ ಮಾಲಕಿ ಕೂತಲ್ಲಿಂದಲೇ ಹೇಳಿದಳು:

"ಬಾಯಾರ, ಇಲ್ಲಿ ಜಾಗಾ ಇಲ್ರಿ. ಗಾಳಿ ಕೆಳಗೂ ಐತೆಲ್ಲ!"

ಕಿಟಕಿ ಸೀಟು

ಮಂದಿ ನನ್ನನ್ನು ಸಂಶಯದಿಂದ ನೋಡಿ ನೋಡಿ, ನಾನೂ ಮಂದಿಯನ್ನು ಹಾಗೇ ನೋಡಲು ಕಲಿತೆ. ಒಮ್ಮೆ ಬಾಗಲಕೋಟೆಯಿಂದ ಬಾದಾಮಿಗೆ ಬಸ್ಸಿನಲ್ಲಿ ಹೊರಟಿದ್ದೆ. ಗಾಡಿ ತುಂಬಿ ತುಳುಕುತ್ತಿತ್ತು. ಕಿಟಕಿಯ ಪಕ್ಕದಲ್ಲಿ ಕೂತಿದ್ದ, ಪೇಟಾ ಸುತ್ತಿಕೊಂಡ ಹಿರಿಯರೊಬ್ಬರು ನನ್ನನ್ನು ಕಂಡು ಎದ್ದರು.

"ಬರ್ರಿ ಬಾಯಾರ. ಕಿಟಕಿ ಕಡೆ ನೀವು ಕೂಡ್ರಿ."

ಕಿಟಕಿ ಸೀಟನ್ನು ತಾನಾಗಿ ಬಿಟ್ಟುಕೊಡುವ ಮನುಷ್ಯನನ್ನು ನಾನು ಅದೇ ಮೊದಲು ಕಂಡದ್ದು. ಈತನಿಗೆ ಏನು ಬೇಕಾಗಿರಬಹುದು? ಚೀಲ ಕಸಿಯುವವನೋ? ಮಗನಿಗೆ ಸುಳ್ಳು ಸರ್ಟಿಫಿಕೇಟು ಕೇಳುವವನೋ? ಚೀಲವನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ಕೂತೆ. ಕೂತ ಮೇಲೆ ತಿಳಿಯಿತು, ಆ ಕಡೆ ಬಿಸಿಲು ಸೀದಾ ಮುಖಕ್ಕೇ ಹೊಡೆಯುತ್ತಿತ್ತು. ಕಿಟಕಿಯ ಸರಳು ಮುಟ್ಟಿದರೆ ಚುರ್ ಎನ್ನುತ್ತಿತ್ತು. ಹಿರಿಯರು ನನ್ನ ನೆರಳಲ್ಲಿ ಕಣ್ಣು ಮುಚ್ಚಿ ಸಮಾಧಾನದಿಂದ ಕೂತಿದ್ದರು.

ಬಹಳ ಹೊತ್ತಿನ ಮೇಲೆ ರಸ್ತೆ ಹೊರಳಿತು. ಬಿಸಿಲು ಆಚೆ ಬದಿಗೆ ಹೋಯಿತು. ನನ್ನ ಕಿಟಕಿಯಿಂದ ತಂಪು ಗಾಳಿ ಬರತೊಡಗಿತು. ದೂರದಲ್ಲಿ ಬಾದಾಮಿಯ ಕೆಂಪು ಗುಡ್ಡ ಕಂಡಿತು. ಇನ್ನು ಸುಖವಾಗಿ ನೋಡುತ್ತ ಹೋಗೋಣ ಎಂದುಕೊಂಡೆ. ಹಿರಿಯರು ಕಣ್ಣು ತೆರೆದರು.

"ಬಾಯಾರ, ನಿಮಗ ತ್ರಾಸ ಆಗಿರಬೇಕು. ಈಗ ನಾ ಆ ಕಡೆ ಕೂಡ್ತೇನಿ, ಏಳ್ರಿ."

ಮಗ್ಗದ ಕುಣಿಯೊಳಗಿನ ದನಿ

ಇಳಕಲ್ಲಿಗೆ ಹೋಗುವುದೆಂದರೆ ನನಗೆ ಹಬ್ಬ. ಕೆಲಸ ಮುಗಿದ ಮೇಲೆ ನೇಕಾರರ ಓಣಿಯಲ್ಲಿ ಸುಮ್ಮನೆ ಅಡ್ಡಾಡುತ್ತಿದ್ದೆ. ಮನೆಮನೆಯಿಂದ ಖಟ್ ಖಟ್ ಎಂದು ಮಗ್ಗದ ಸಪ್ಪಳ. ತೆರೆದ ಬಾಗಿಲೊಳಗೆ ದಾಳಿಂಬರ ಬಣ್ಣದ ಸೀರೆಯೋ, ನವಿಲುಗತ್ತಿನ ಬಣ್ಣದ್ದೋ ಬೆಳೆಯುತ್ತ ಹೋಗುತ್ತಿರುತ್ತಿತ್ತು. ಕೊಳ್ಳದಿದ್ದರೂ ನೋಡುವುದೇ ಒಂದು ಸುಖ.

ಆದರೆ ನಾನು ಓಣಿಗೆ ಕಾಲಿಟ್ಟರೆ ಸಪ್ಪಳ ಒಂದೊಂದಾಗಿ ನಿಂತುಹೋಗುತ್ತಿತ್ತು. ಒಂದು ಮನೆಯ ಬಾಗಿಲಲ್ಲಿ ನಿಂತೆ. ಮಗ್ಗ ಖಾಲಿ. ಲಾಳಿ ಇನ್ನೂ ಅಲ್ಲಾಡುತ್ತಿತ್ತು. ನೇಕಾರನ ಹೆಂಡತಿ ಒಳಗಿಂದ ಓಡಿ ಬಂದಳು.

"ಅವರು ಊರಾಗ ಇಲ್ರಿ! ಬಾಗಲಕೋಟಿಗೆ ಹೋಗ್ಯಾರ."

"ಅವರು ಯಾಕ ಬೇಕವ್ವಾ ನನಗ? ಸೀರಿ ನೋಡಾಕ ಬಂದೇನಿ."

ಆಕೆ ನಂಬಲಿಲ್ಲ. ಬಾಗಿಲಿಗೆ ಅಡ್ಡ ನಿಂತೇ ಇದ್ದಳು. ನಾನು ಅಲ್ಲಿಂದಲೇ ಕತ್ತು ಚಾಚಿ ಮಗ್ಗದ ಮೇಲಿದ್ದ ಸೀರೆ ನೋಡಿದೆ. ಸೆರಗು ನೇಯುತ್ತಿದ್ದರು. ಕೆಂಪು ಬಿಳಿ ತೆನೆಗಳು ಹಲ್ಲಿನಂತೆ ಸಾಲಾಗಿ ಎದ್ದಿದ್ದವು. ಎಷ್ಟು ಚೆಂದ! ಇನ್ನಷ್ಟು ಹತ್ತಿರದಿಂದ ನೋಡುವ ಆಸೆಯಾಗಿ, ಮಾತು ಬೆಳೆಸಲು ಸುಮ್ಮನೆ ಒಂದು ಮಾತು ಎಸೆದೆ.

"ಸೀರಿ ಚಂದ ಐತಿ. ಆದ್ರ ಅಲ್ಲಿ ಒಂದು ತೆನಿ ಸಣ್ಣದಾಗೇತಿ, ಅಲ್ಲೇನು?"

"ಯಾವಾಕಿ ಅಂದಾಕಿ?"

ಮಗ್ಗದ ಕೆಳಗಿನಿಂದ ದನಿ ಬಂತು. ನೇಕಾರರು ಕಾಲು ಇಳಿಬಿಟ್ಟು ಕೂಡುವ ಕುಣಿ ಇರುತ್ತದಲ್ಲ, ಅದರೊಳಗಿಂದ ಮೊದಲು ಒಂದು ಬೋಳು ತಲೆ, ಆಮೇಲೆ ಎರಡು ಸಿಟ್ಟಿನ ಕಣ್ಣು ಮೇಲೆ ಬಂದವು. ಬಾಗಲಕೋಟೆಗೆ ಹೋದ ಗಂಡ!

"ನಮ್ಮಪ್ಪನ ಕಾಲದಿಂದ ನನ್ನ ಮನಿ ತೆನಿಗೆ ಯಾರೂ ಹೆಸರಿಟ್ಟಿಲ್ಲ! ಬರ್ರಿ ಒಳಗ! ಬಂದು ತೋರಸ್ರಿ ಯಾವ ತೆನಿ ಸಣ್ಣದೈತಿ!"

ಹೆಂಡತಿ ಹಣೆ ಹಣೆ ಬಡಿದುಕೊಂಡಳು. ನಾನು ಒಳಗೆ ಹೋಗಿ ಮನಸಾರೆ ನೋಡಿದೆ. ಎಲ್ಲ ತೆನೆಯೂ ಒಂದೇ ಸಮ ಎಂದು ಒಪ್ಪಿಕೊಂಡೆ. ಸಿಟ್ಟು ಇಳಿದ ಮೇಲೆ ಆತನಿಗೆ ತಾನು ಹೊರಗೆ ಬಂದಿರುವುದು ನೆನಪಾಯಿತು. ಮೆಲ್ಲಗೆ ಎದೆಯವರೆಗೆ ಕುಣಿಯೊಳಗೆ ಇಳಿದ.

"ಬಾಯಾರ, ಸೀರಿ ನೋಡಾಕ ಬಂದೀರಿ, ಸೀರಿ ನೋಡ್ರಿ. ನನ್ನ ಕಡೆ ನೋಡಬ್ಯಾಡ್ರಿ."

ಮಹಾಕೂಟದ ಬುತ್ತಿ

ಒಂದು ಬ್ಯಾಸಗಿ ಬಾದಾಮಿಯಲ್ಲಿ ನಮ್ಮದೊಂದು ಮೀಟಿಂಗು ಇತ್ತು. ಅದು ಯಾರೂ ನೆನೆಸದಷ್ಟು ಬೇಗ ಮುಗಿಯಿತು. ನಾವು ಮೂವರು ನರ್ಸಬಾಯಿಯರು, ಒಬ್ಬ ಡ್ರೈವರ್, ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ತರುಣ ಡಾಕ್ಟರು. ಬುತ್ತಿ ಕಟ್ಟಿಕೊಂಡು ಬಂದಿದ್ದೆವು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. "ಮಹಾಕೂಟಕ್ಕೆ ಹೋಗೋಣ. ಹೊಂಡದಾಗ ಕಾಲು ಇಳಿಬಿಟ್ಟು ಊಟ ಮಾಡೋಣ" ಎಂದು ನಾನೇ ಅಂದೆ. ಡಾಕ್ಟರು ಖುಷಿಯಿಂದ ಒಪ್ಪಿದರು. ನಾವು ಹೋಗಬೇಕಾಗಿದ್ದ ಜೀಪಿನ ಬಾಗಿಲಿಗೆ ಕೆಂಪು ತ್ರಿಕೋನ, ನೆತ್ತಿಗೆ ಧ್ವನಿವರ್ಧಕದ ಕಹಳೆ ಇರುವುದು ಯಾರ ತಲೆಗೂ ಹೊಳೆಯಲಿಲ್ಲ.

ಗುಡಿಯ ಹೊಂಡದಲ್ಲಿ ಬುಗ್ಗೆಯ ತಂಪು ನೀರು. ಉರಿಬಿಸಿಲಿನ ದಿನ, ಗಂಡಸರೆಲ್ಲ ಎಮ್ಮೆಗಳಂತೆ ಕುತ್ತಿಗೆವರೆಗೆ ಮುಳುಗಿದ್ದರು. ಜೀಪು ಬಂದು ನಿಂತಿತು. ಒಬ್ಬ ತಿರುಗಿ ನೋಡಿದ.

"ಲೇ, ಆಪರೇಶನ್ ಗಾಡಿ! ಓಡ್ರಿಲೇ!"

ನೀರು ಒಮ್ಮೆ ಕುದಿದಂತಾಯಿತು. ಒದ್ದೆ ಧೋತರ, ಒದ್ದೆ ಚಡ್ಡಿ, ಕೈಗೆ ಸಿಕ್ಕ ಟಾವೆಲ್ಲು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಂಡ ಖಾಲಿ, ಗುಡ್ಡದ ತುಂಬ ಗಂಡಸರು. ಇಬ್ಬರು ಒಂದೇ ಧೋತರ ಹಿಡಿದು ಜಗಳಾಡುತ್ತಲೇ ಓಡುತ್ತಿದ್ದರು.

ಡಾಕ್ಟರಿಗೆ ಬಹಳ ಬೇಸರವಾಯಿತು. ಮಂದಿಯ ಹೆದರಿಕೆ ಬಿಡಿಸಬೇಕೆಂದು ಜೀಪಿನೊಳಗಿನ ಮೈಕು ಎತ್ತಿಕೊಂಡು ತಮ್ಮ ಊರಿನ ಶುದ್ಧ ಕನ್ನಡದಲ್ಲಿ ಹೇಳಿದರು:

"ಮಹನೀಯರೇ, ಯಾರೂ ಗಾಬರಿಯಾಗಬೇಡಿ. ನಾವು ಇಂದು ಇಲ್ಲಿ ಕೇವಲ ವಿಶ್ರಾಂತಿಗಾಗಿ ಬಂದಿದ್ದೇವೆ!"

ಗುಡ್ಡದಿಂದ ಒಂದು ದನಿ ಕೇಳಿತು. "ಕೇಳಿದ್ರೇನು? ಕೊಯ್ದ ಮ್ಯಾಲ ವಿಶ್ರಾಂತಿ ತಗೋಬೇಕಂತ!"

ಇನ್ನೂ ಅರ್ಧ ಗುಡ್ಡದಲ್ಲಿದ್ದವರು ನೆತ್ತಿ ಮುಟ್ಟಿದರು.

ದೇವರ ದರ್ಶನಕ್ಕೆ ಹೋದೆವು. ಪೂಜಾರಿ ಓಡುವಂತಿರಲಿಲ್ಲ, ಮಂಗಳಾರತಿ ನಡೆದಿತ್ತು. ಅದು ಮುಗಿದ ಮೇಲೆ ಡಾಕ್ಟರ ಅಂಗೈಗೆ ತೀರ್ಥ ಹಾಕುತ್ತ ಮೆಲ್ಲಗೆ ಹೇಳಿದ, "ಸಾಹೇಬ್ರ, ನನಗ ವಯಸ್ಸಾತ್ರಿ. ಕಾಣಾಕ ಅಷ್ಟ ಸಣ್ಣಾವ ಕಾಣ್ತೇನಿ."

ಹೆಂಗಸರು ಮಾತ್ರ ಯಾರೂ ಓಡಿರಲಿಲ್ಲ. ದಿನಾ ಗಂಡಸರು ಹೊರಬರುವುದನ್ನೇ ಕಾದು ಸಾಕಾದವರು, ಇಡೀ ಹೊಂಡ ಸಿಕ್ಕಿದ್ದೇ ತಡ ಮಕ್ಕಳು ಮರಿ ಸಮೇತ ನೀರಿಗಿಳಿದರು. "ವಾರಕ್ಕೊಮ್ಮೆ ಬರ್ರಿ ಬಾಯಾರ!" ಎಂದು ನಕ್ಕರು. ನಾವೂ ಕಾಲು ಇಳಿಬಿಟ್ಟೆವು. ಬುತ್ತಿ ಬಿಚ್ಚಿದೆವು. ಎಣ್ಣೆಗಾಯಿಯ ವಾಸನೆಗೆ ಗುಡ್ಡದ ಮೇಲಿನ ಪೊದೆಗಳು ಒಂದಿಷ್ಟು ಕೆಳಗೆ ಸರಿದಂತೆ ಕಂಡವು. ಅಂಥ ರುಚಿಯಾದ ಊಟ ನಾನು ಮತ್ತೆ ಮಾಡಿಲ್ಲ.

ಊಟ ಮುಗಿಯುವ ಹೊತ್ತಿಗೆ ಒಬ್ಬಾಕೆ ನನ್ನ ಹತ್ತಿರ ಬಂದು ಕೂತಳು. ಬಗಲಲ್ಲಿ ಒಂದು ಕೂಸು, ಸೆರಗು ಹಿಡಿದದ್ದು ಒಂದು, ನೀರಲ್ಲಿ ಆಡುವವು ಎಷ್ಟೋ. ಮುಖದಲ್ಲಿ ದಣಿವು. ನಮ್ಮ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಅನುಮಾನದಿಂದ ನೋಡಿದಳು.

"ಬಾಯಾರ, ಖರೇನ ಊಟಕ್ಕಷ್ಟ ಬಂದೀರೇನು?"

"ಖರೇನವ್ವಾ, ದೇವರಾಣಿ."

"ಕತ್ರಿ ಗಿತ್ರಿ ಏನೂ ತಂದಿಲ್ಲ?"

"ಏನೂ ತಂದಿಲ್ಲವ್ವಾ. ನಿಶ್ಚಿಂತಿಯಿಂದ ಇರು."

ಆಕೆಯ ಮುಖ ಅರಳೀತು ಎಂದುಕೊಂಡಿದ್ದೆ. ಇನ್ನಷ್ಟು ಬಾಡಿತು. ನನಗೆ ವಿಷಯ ತಿಳಿಯಿತು. ಕೂಸನ್ನು ಎತ್ತಿಕೊಂಡು, "ನಾಳೆ ಬಾದಾಮಿ ದವಾಖಾನಿಗೆ ಬಾರವ್ವಾ, ನಿನ್ನ ಗಂಡನ್ನೂ ಕರಕೊಂಡು ಬಾ. ಕೂತು ಮಾತಾಡೋಣು" ಎಂದೆ.

"ನಾ ಬರ್ತೇನಿರಿ. ಅವನ್ನ ಹ್ಯಾಂಗ ತರ್ಲಿ?" ಎಂದು ಆಕೆ ಹೊಂಡದಾಚೆಯ ದೊಡ್ಡ ಮರದ ಕಡೆ ಬೊಟ್ಟು ಮಾಡಿದಳು. ಎತ್ತರದ ಟೊಂಗೆಯ ಮೇಲೆ, ಎಲೆಗಳ ನಡುವೆ, ಒಂದು ಒದ್ದೆ ಧೋತರ ತೊಟ್ಟಿಕ್ಕುತ್ತಿತ್ತು.

"ಮೊಣಕಾಲು ಬ್ಯಾನಿ ಐತ್ರಿ ಅವಗ. ಹೆದರಿಕಿಗೆ ಏರಿಬಿಟ್ಟಾನ, ಇಳಿಯಾಕ ಬರವಲ್ದು. ನಾಳಿಗಿ ಅಂವ ಹಿಂಗ ಕೈಗೆ ಸಿಗೂದಿಲ್ರಿ, ಯಾರನ್ನರ ಬಾದಾಮಿಗೆ ಓಡಿಸಿ ಕತ್ರಿ ತರಸ್ರಿ!"